ಮನೆಗಾಡಿ ಕೊಳ್ಳುವ ಮುಹೂರ್ತ

ವಾದದಲ್ಲಿ ಸೋತು ಹಾಳಾದವರನ್ನು ನೀವು ನೋಡಿರಬಹುದು. ಗೆದ್ದು ಹಾಳಾದವನನ್ನು ನೋಡಬೇಕಾದರೆ ನ್ಯೂ ಜೆರ್ಸಿಯ ಕೆಂಡಲ್ ಪಾರ್ಕಿಗೆ ಬನ್ನಿ. ಕಾಫಿ ಕೊಟ್ಟು ಕೂರಿಸಿ ಮಾತಾಡುತ್ತೇನೆ. ಕಾಲೇಜಿನ ನಾಲ್ಕು ವರ್ಷವೂ ನಾನು ಚರ್ಚಾಸ್ಪರ್ಧೆಗಳಲ್ಲೇ ಬೆಳೆದವನು. ಅಲ್ಲಿ ಪರವೋ ವಿರೋಧವೋ ಎನ್ನುವುದು ನಮ್ಮ ಮನಸ್ಸಾಕ್ಷಿಗೆ ಸೇರಿದ ವಿಷಯವಾಗಿರಲಿಲ್ಲ. ವೇದಿಕೆ ಹತ್ತುವ ಹತ್ತು ನಿಮಿಷ ಮುಂಚೆ ಚೀಟಿ ಎತ್ತಿಸುತ್ತಿದ್ದರು. ಬೆಳಿಗ್ಗೆ ಪಾನನಿರೋಧ ದೇಶಕ್ಕೆ ಹಿತ ಎಂದು ಮೇಜು ಗುದ್ದಿ, ಸಂಜೆ ಇನ್ನೊಂದು ಕಾಲೇಜಿನಲ್ಲಿ ಅಹಿತ ಎಂದು ಅದೇ ಕೈಯಲ್ಲಿ ಗುದ್ದಿದ್ದೇನೆ. ಎರಡು ಕಡೆಯೂ ಬೆಳ್ಳಿ ಲೋಟ ಬಂದಿದೆ. ಲೋಟಗಳ ಜೊತೆಗೆ ಒಂದು ಕಾಯಿಲೆಯೂ ಬಂತು. ನನ್ನೊಳಗೆ ಇಬ್ಬರು ಕಾಯಮ್ಮಾಗಿ ಬಿಡಾರ ಹೂಡಿದ್ದಾರೆ. ಒಬ್ಬ ಯಾವುದಾದರೂ ತೀರ್ಮಾನಕ್ಕೆ ಬಂದನೋ, ಇನ್ನೊಬ್ಬ ಎದ್ದು ನಿಂತು ಗಂಟಲು ಸರಿಮಾಡಿಕೊಳ್ಳುತ್ತಾನೆ. ಐದು ನಿಮಿಷಕ್ಕೆ ಗಂಟೆ ಬಾರಿಸಿ ಕೂರಿಸುವ ಅಧ್ಯಕ್ಷರು ಮಾತ್ರ ಈ ಸಭೆಗೆ ಇಲ್ಲ. ಹಲ್ಲುಜ್ಜುವ ಪೇಸ್ಟ್ ತರಲು ಸೂಪರ್ ಮಾರ್ಕೆಟ್ಟಿಗೆ ಹೋದವನು, ಅಲ್ಲಿದ್ದ ಹದಿನಾರು ಬಗೆಗಳ ಗುಣದೋಷಗಳನ್ನು ತೂಗಿ, ಬರಿಗೈಯಲ್ಲಿ ಬಂದು, ಎರಡು ದಿನ ಉಪ್ಪಿನಲ್ಲಿ ಹಲ್ಲು ತಿಕ್ಕಿದ್ದುಂಟು. ಇಂಥವನಿಗೆ ಒಂದು ಮನೆಯನ್ನೂ ಒಂದು ಲಾರಿಯನ್ನೂ ಒಟ್ಟಿಗೆ ಸೇರಿಸಿದಂಥ ವಸ್ತುವನ್ನು ಕೊಳ್ಳುವ ಕೆಲಸ ಬಂದರೆ ಏನಾದೀತು, ನೀವೇ ಊಹಿಸಿ.

ಬಂದದ್ದು ನಮ್ಮ ಅತ್ತೆಯವರಿಂದ. ಅವರು ತಿಪಟೂರಿನ ಹೆಣ್ಣುಮಕ್ಕಳ ಶಾಲೆಯೊಂದರಲ್ಲಿ ಮೂವತ್ತು ವರ್ಷ ಭೂಗೋಳ ಕಲಿಸಿ ನಿವೃತ್ತರಾದವರು. ಆ ಮೂವತ್ತು ವರ್ಷವೂ ಕಪ್ಪು ಹಲಗೆಯ ಮೇಲೆ ಅಮೆರಿಕದ ಐದು ಮಹಾಸರೋವರಗಳನ್ನು ಕೈ ಎತ್ತದೆ ಒಂದೇ ಗೆರೆಯಲ್ಲಿ ಬರೆದು ತೋರಿಸಿದವರು. ಸುಪೀರಿಯರ್, ಮಿಚಿಗನ್, ಹ್ಯೂರಾನ್, ಈರಿ, ಒಂಟಾರಿಯೊ ಎಂದು ಅವರು ಹೇಳುವಾಗ ಕೇಳಬೇಕು, ಹೊಳೆಸ್ನಾನದ ಸಂಕಲ್ಪದ ಹಾಗಿರುತ್ತದೆ. ಎಪ್ಪತ್ತಮೂರರ ಬೇಸಿಗೆಯ ಕೊನೆಯಲ್ಲಿ ಅವರ ಕಾಗದ ಬಂತು: ಬರುವ ಮೇ ತಿಂಗಳಲ್ಲಿ ಬರುತ್ತೇನೆ, ಸೆಪ್ಟೆಂಬರ್ ಕೊನೆಗೆ ಹೊರಡುತ್ತೇನೆ, ನಿಮಗೆ ತೊಂದರೆಯಿಲ್ಲದಿದ್ದರೆ ಐದು ಸರೋವರಗಳಲ್ಲೂ ಒಂದೊಂದು ಸಲ ಕಾಲು ಅದ್ದಬೇಕು, ಮತ್ತೇನೂ ಬೇಡ. ಮಗಳು ಶಾರದೆ, ಅಂದರೆ ನನ್ನ ಹೆಂಡತಿ, ಕಾಗದ ಓದಿ ಕಣ್ಣೊರೆಸಿಕೊಂಡಳು. ಆಮೇಲೆ ಅವಳ ಮುಖ ಚಿಕ್ಕದಾಯಿತು.

ಕಾರಣ ಮಡಿ. ಅತ್ತೆ ತಾವು ಸ್ನಾನ ಮಾಡಿ ತಾವೇ ಬೇಯಿಸಿದ್ದನ್ನಲ್ಲದೆ ಬೇರೆ ತಿಂದದ್ದನ್ನು ನಾವು ಯಾರೂ ನೋಡಿಲ್ಲ. ನಮ್ಮ ಮದುವೆಯಲ್ಲಿ ಅಡುಗೆಯವರು ಮಡಿಯವರೇ ಆಗಿದ್ದರೂ ಅತ್ತೆ ಕೊಟ್ಟಿಗೆಯ ಮೂಲೆಯಲ್ಲಿ ಮೂರು ಕಲ್ಲು ಹೂಡಿ ಅನ್ನ ಮಾಡಿಕೊಂಡರು ಎಂಬ ಕಥೆ ಎರಡೂ ಕಡೆಯ ನೆಂಟರಲ್ಲಿ ಚಾಲ್ತಿಯಲ್ಲಿದೆ. ಇಂಥವರನ್ನು ಕಾರಿನಲ್ಲಿ ಕೂರಿಸಿಕೊಂಡು ಸಾವಿರ ಮೈಲಿ ಹೋಗುವುದು ಹೇಗೆ? ಯಾರು ಯಾರೋ ಮಲಗಿ ಎದ್ದ ಮೋಟೆಲ್ ಮಂಚದಲ್ಲಿ ಮಲಗಿಸುವುದು ಹೇಗೆ? ನಾನೇನೋ ಮಡಿ ಮೈಲಿಗೆ, ಗ್ರಹಗತಿ, ಶಕುನ ಯಾವುದನ್ನೂ ನಂಬುವವನಲ್ಲ. ಆದರೆ ನಾವು ಅವಿಶ್ವಾಸಿಗಳು ಇತರರ ವಿಶ್ವಾಸವನ್ನು ಬಹಳ ಗಂಭೀರವಾಗಿ ತೆಗೆದುಕೊಳ್ಳುತ್ತೇವೆ. ಇಲ್ಲದಿದ್ದರೆ ಖಂಡಿಸಲು ಏನು ಉಳಿಯುತ್ತದೆ?

ಉಪಾಯ ಹೊಳೆದದ್ದು ಶಾರದೆಗೆ. ರೂಟ್ ಒನ್ ಹೆದ್ದಾರಿಯಲ್ಲಿ ಮೋಟರ್‌ಹೋಮ್ ಮಾರುವ ಒಂದು ಮೈದಾನವಿತ್ತು. ಒಂದು ಭಾನುವಾರ ಅದರ ಮುಂದೆ ಹಾದುಹೋಗುವಾಗ ಅವಳು ನನ್ನ ತೋಳು ಹಿಡಿದು, “ರೀ, ಅಲ್ಲಿ ನೋಡಿ. ಒಲೆ, ನಲ್ಲಿ, ಮಂಚ ಎಲ್ಲಾ ಒಳಗೇ ಇರತ್ತಂತೆ. ಅಮ್ಮ ಒಳಗೇ ಸ್ನಾನ ಮಾಡಿ, ಒಳಗೇ ಅಡುಗೆ ಮಾಡ್ಕೊಂಡು, ನೀರಿಗಿಳಿಯೋಕೆ ಮಾತ್ರ ಕೆಳಗಿಳಿದ್ರೆ ಸಾಕು. ಇಂಥದ್ದೊಂದು ಮನೆಗಾಡಿ ಹಳೇದು ಸಿಕ್ರೆ ತಗೊಂಡ್ಬಿಡೋಣ” ಎಂದಳು. ಉಪಾಯ ಎಷ್ಟು ಚೆನ್ನಾಗಿತ್ತೆಂದರೆ ನನಗೆ ಅದನ್ನು ವಿರೋಧಿಸಲು ಅರ್ಧ ಮೈಲಿ ಬೇಕಾಯಿತು.

“ತಗೊಳ್ಳೋಣ. ಆದರೆ ಈಗ ಅಲ್ಲ” ಎಂದೆ.

ಈ ‘ಈಗ ಅಲ್ಲ’ ಎಂಬ ಎರಡು ಪದಗಳು ನನ್ನ ಬದುಕಿನ ಒಂದು ವರ್ಷವನ್ನು ತಿಂದವು. ತರ್ಕವೇನೋ ನಿರ್ದುಷ್ಟವಾಗಿತ್ತು. ಬೇಸಿಗೆಯಲ್ಲಿ ಎಲ್ಲರಿಗೂ ಗಾಡಿ ಬೇಕು, ಆದ್ದರಿಂದ ಬೆಲೆ ಏರು. ಚಳಿಗಾಲದಲ್ಲಿ ಯಾರಿಗೂ ಬೇಡ, ಆದ್ದರಿಂದ ಬೆಲೆ ಇಳಿ. ಸೆಪ್ಟೆಂಬರಿನಲ್ಲಿ ಕೊಳ್ಳುವವನು ದಡ್ಡ, ಅಕ್ಟೋಬರಿನಲ್ಲಿ ಕೊಳ್ಳುವವನು ಆತುರಗಾರ, ಡಿಸೆಂಬರಿನಲ್ಲಿ ಕೊಳ್ಳುವವನು ಜಾಣ. ಅಷ್ಟರಲ್ಲಿ ಅರಬ್ ದೇಶಗಳು ಎಣ್ಣೆ ನಿಲ್ಲಿಸಿದವು. ಪೆಟ್ರೋಲ್ ಬಂಕುಗಳ ಮುಂದೆ ಕಾರುಗಳು ಮೈಲಿಗಟ್ಟಲೆ ನಿಂತವು. ಎಂಟು ಮೈಲಿಗೆ ಒಂದು ಗ್ಯಾಲನ್ ಕುಡಿಯುವ ಗಾಡಿಯನ್ನು ಯಾರಾದರೂ ಈ ಹೊತ್ತಿನಲ್ಲಿ ಕೊಳ್ಳುತ್ತಾರೆಯೇ? ಡೀಲರುಗಳು ಗಲ್ಲಕ್ಕೆ ಕೈಕೊಟ್ಟು ಕೂತರು ಎಂದು ಪತ್ರಿಕೆಗಳು ಬರೆದವು. ಪ್ರಪಂಚದ ರಾಜಕಾರಣವೇ ನನ್ನ ಪಕ್ಷಕ್ಕೆ ಬಂದು ಮಾತಾಡುತ್ತಿರುವಂತೆ ಕಂಡಿತು. “ನೋಡಿದ್ಯಾ? ಇನ್ನೂ ಇಳಿಯತ್ತೆ” ಎಂದು ಶಾರದೆಯ ಮುಂದೆ ಪತ್ರಿಕೆ ಹಿಡಿದೆ.

ಡಿಸೆಂಬರ್ ಬಂತು. ಗಾಡಿ ಕೊಳ್ಳುತ್ತೇವೆ ಎಂದಷ್ಟೇ ಶಾರದೆ ಬರೆದಿದ್ದಕ್ಕೆ ಅತ್ತೆಯ ಕಾಗದವೂ ಬಂತು: ಧನುರ್ಮಾಸದಲ್ಲಿ ಗಾಡಿ ಗೀಡಿ ಕೊಳ್ಳಬೇಡಿ, ಸಂಕ್ರಾಂತಿ ಕಳೆಯಲಿ. ನನಗೆ ಮೈ ಉರಿಯಿತು. ಇಲ್ಲಿನ ಡೀಲರಿಗೂ ಡಿಸೆಂಬರಿನಲ್ಲಿ ವ್ಯಾಪಾರವಿಲ್ಲ, ಅವನಿಗೂ ಅದು ಶೂನ್ಯಮಾಸವೇ, ಅದಕ್ಕೇ ಅಗ್ಗ; ಯಾವ ತಿಂಗಳಲ್ಲಿ ಕೊಳ್ಳಬಾರದು ಎಂದು ಪಂಚಾಂಗ ಹೇಳುತ್ತದೋ ಅದೇ ತಿಂಗಳಲ್ಲಿ ಕೊಳ್ಳುವುದೇ ವಿಚಾರವಾದಿಯ ಲಕ್ಷಣ ಎಂದು ಅರ್ಧ ಗಂಟೆ ಮಾತಾಡಿದೆ. ಶಾರದೆ ಪೂರ್ತಿ ಕೇಳಿ, ಕೋಟು ಹಾಕಿಕೊಂಡು, ಕೈಚೀಲ ಹಿಡಿದು ಬಾಗಿಲಲ್ಲಿ ನಿಂತಳು. “ಸರಿ, ನಡೀರಿ. ಇವತ್ತೇ ತಗೊಳ್ಳೋಣ.”

“ಇವತ್ತಾ? ಫೆಬ್ರವರಿಗೆ ಇನ್ನೂ ಇಳಿಯತ್ತಲ್ಲ!”

ಅವಳು ಕೋಟು ಬಿಚ್ಚಿದಳು. “ಹಾಗಾದ್ರೆ ನಿಮಗೂ ಧನುರ್ಮಾಸ ಆಗಿಬರಲ್ಲ ಅನ್ನಿ.”

ಕೊನೆಗೆ ಫೆಬ್ರವರಿಯಲ್ಲಿ ಹೋದೆವು. ಆಗ ನಂಬರ್ ಪ್ಲೇಟಿನ ಕೊನೆಯ ಅಂಕಿ ಬೆಸವಾಗಿದ್ದರೆ ಬೆಸ ತಾರೀಖು, ಸಮವಾಗಿದ್ದರೆ ಸಮ ತಾರೀಖು ಪೆಟ್ರೋಲ್ ಕೊಡುತ್ತಿದ್ದರು. ನನ್ನದು ಬೆಸ. ಬೆಳಿಗ್ಗೆ ಎರಡು ಗಂಟೆ ಕಾಲ ಸಾಲಿನಲ್ಲಿ ನಿಂತು ಟ್ಯಾಂಕು ತುಂಬಿಸಿ, ಕಚೇರಿಗೆ ಅರ್ಧ ದಿನ ರಜೆ ಬರೆದು, ವಾರದ ದಿನವೇ ಹೊರಡಿಸಿದೆ. ಗಿರಾಕಿಯಿಲ್ಲದ ದಿನ ಅಂಗಡಿಯವನು ಮೆತ್ತಗಿರುತ್ತಾನೆ ಎಂಬುದು ಇದರ ಹಿಂದಿನ ಶಾಸ್ತ್ರ.

ಡೀಲರನ ಹೆಸರು ವಾಲ್ಟರ್. ಅರವತ್ತರ ಹತ್ತಿರದ ದಪ್ಪ ಮನುಷ್ಯ; ಕಣ್ಣಿನಲ್ಲಿ ಅರ್ಧ ನಿದ್ದೆ. ಗಿರಾಕಿ ಬಂದನೆಂದು ಓಡಿಬರಲಿಲ್ಲ. ಪೇಪರ್ ಲೋಟದಲ್ಲಿ ಕಾಫಿ ಹಿಡಿದು ಬಾಗಿಲಲ್ಲಿ ನಿಂತು, “ನೋಡಿ, ಯಾವುದಕ್ಕೂ ಬೀಗ ಹಾಕಿಲ್ಲ” ಎಂದ. ಮೂಲೆಯಲ್ಲಿ ಹಳದಿ ಪಟ್ಟೆಯ ಒಂದು ಗಾಡಿ ಅರ್ಧ ಹಿಮದಲ್ಲಿ ಹೂತು ನಿಂತಿತ್ತು. ಇಬ್ಬರೂ ಹತ್ತಿ ಒಳಗೆ ನೋಡಿದೆವು. ಹೂವಿನ ಪರದೆ, ಪುಟ್ಟ ಒಲೆ, ಮಡಚುವ ಮೇಜು. ಶಾರದೆ ನನ್ನ ಕೈ ಚಿವುಟಿದಳು. ಇದೇ ಬೇಕು ಎಂದು ಅರ್ಥ. ನಾನು ಅವಳ ಕೈ ಚಿವುಟಿದೆ. ಮುಖದಲ್ಲಿ ತೋರಿಸಿಕೊಳ್ಳಬೇಡ ಎಂದು ಅರ್ಥ.

ಚೌಕಾಸಿಯ ವಿದ್ಯೆಯನ್ನು ನನಗೆ ಕಲಿಸಿದವರು ಮೈಸೂರಿನ ನಮ್ಮ ಸೋದರಮಾವ. ಅವರ ಜೊತೆ ಬದನೆಕಾಯಿ ಕೊಳ್ಳಲು ಹೋಗುವುದೆಂದರೆ ಹರಿಕಥೆಗೆ ಹೋದಷ್ಟು ಸುಖ. ಮೊದಲು ಮಾಲನ್ನು ಬಯ್ಯಬೇಕು. ಆಮೇಲೆ ಹೇಳಿದ ಬೆಲೆಯ ಅರ್ಧ ಕೇಳಬೇಕು. ಅವನು ಒಪ್ಪದಿದ್ದರೆ ಒಂದು ಮಾತೂ ಆಡದೆ ಹೊರಟುಬಿಡಬೇಕು. ಹಿಂದಿರುಗಿ ನೋಡಬಾರದು. ಹತ್ತು ಹೆಜ್ಜೆಯೊಳಗೆ “ಬನ್ನಿ ಸ್ವಾಮಿ, ಹೋಗ್ಲಿ ಬನ್ನಿ, ನಿಮಗೂ ಬೇಡ ನನಗೂ ಬೇಡ” ಎಂದು ಕೂಗು ಬಂದೇ ಬರುತ್ತದೆ. ಮಾವನವರು ಹೆಜ್ಜೆ ಎಣಿಸುತ್ತಿದ್ದರು. ಏಳಕ್ಕೆ ಕರೆದರೆ ಇನ್ನೂ ಕಡಿಮೆಗೆ ಕೇಳಬಹುದಿತ್ತು ಎಂದು ದಾರಿಯುದ್ದಕ್ಕೂ ಪೇಚಾಡುತ್ತಿದ್ದರು.

ಶಾಸ್ತ್ರೋಕ್ತವಾಗಿ ಬಯ್ಗುಳದಿಂದ ಶುರುಮಾಡಿದೆ. “ಈ ಚಾವಣಿ ಸೋರುತ್ತದೆ.”

ವಾಲ್ಟರ್ ಮೇಲೆ ನೋಡಿದ. “ಇರಬಹುದು.”

“ಟೈರು ಸವೆದಿವೆ.”

“ಹೌದು, ಹಿಂದಿನವು ಸವೆದಿವೆ.”

“ಈ ಪೆಟ್ರೋಲ್ ಬರದಲ್ಲಿ ಇಂಥದ್ದನ್ನು ಕೊಳ್ಳುವುದು ಹುಚ್ಚುತನ.”

“ನನ್ನ ಹೆಂಡತಿಯೂ ದಿನಾ ಅದನ್ನೇ ಹೇಳುತ್ತಾಳೆ, ಪ್ರೊಫೆಸರ್. ಕಾಫಿ ಬೇಕಾ?”

ನಾನು ಪ್ರೊಫೆಸರ್ ಅಲ್ಲ, ರೂಟ್ ಒನ್ ಪಕ್ಕದ ಒಂದು ಪ್ರಯೋಗಾಲಯದಲ್ಲಿ ಪ್ಲಾಸ್ಟಿಕ್ಕನ್ನು ಎಳೆದು ಎಳೆದು ಯಾವಾಗ ಹರಿಯುತ್ತದೆಂದು ಬರೆದಿಡುವ ಇಂಜಿನಿಯರ್. ಆದರೂ ತಿದ್ದಲಿಲ್ಲ. ಚರ್ಚೆಯಲ್ಲಿ ನಾನು ಎಂಥೆಂಥ ಎದುರಾಳಿಗಳನ್ನು ಕಂಡಿದ್ದೇನೆ! ಕೂಗುವವರು, ಅಳುವವರು, ಉಪನಿಷತ್ತಿನಿಂದ ಉದ್ಧರಿಸುವವರು. ಆದರೆ ಹೇಳಿದ್ದಕ್ಕೆಲ್ಲ ಹೌದು ಎನ್ನುವವನನ್ನು ಎದುರಿಸಲು ನನಗೆ ಯಾರೂ ಕಲಿಸಿರಲಿಲ್ಲ. ಬಾಗಿಲು ತೆರೆದಿದೆ ಎಂದು ತಿಳಿಯದೆ ಭುಜಕೊಟ್ಟು ನುಗ್ಗಿದವನಂತೆ ಮುಗ್ಗರಿಸಿ ಬಿದ್ದೆ. ಬಿದ್ದಲ್ಲಿಂದಲೇ ಅರ್ಧ ಬೆಲೆ ಕೇಳಿದೆ. ವಾಲ್ಟರ್ ತಲೆಯಾಡಿಸಿ, ಚೀಟಿಯಲ್ಲಿ ಬರೆದಿರುವುದೇ ಬೆಲೆ, ಅದರಲ್ಲಿ ಆಗಲೇ ಕಡಿಮೆ ಮಾಡಿದ್ದೇನೆ ಎಂದ. ಇನ್ನೇನು, ಕೊನೆಯ ಅಸ್ತ್ರ. ಶಾರದೆಯ ಕೈ ಹಿಡಿದು ಹೊರಟೆ.

ಹತ್ತು ಹೆಜ್ಜೆ ಆಯಿತು. ಕೂಗು ಬರಲಿಲ್ಲ. ಹಿಮದಲ್ಲಿ ನಡೆಯುತ್ತಿದ್ದುದರಿಂದ ಹೆಜ್ಜೆಗಳು ಚಿಕ್ಕವಾಗಿವೆ ಎಂದು ಇನ್ನು ಐದು ಸೇರಿಸಿದೆ. ಹದಿನೈದೂ ಆಯಿತು. ಬಗ್ಗಿ ಬೂಟಿನ ಲೇಸು ಬಿಚ್ಚಿ, ನಿಧಾನವಾಗಿ ಕಟ್ಟತೊಡಗಿದೆ.

“ಏನ್ರೀ ಅದು, ಚಳೀಲಿ?” ಎಂದಳು ಶಾರದೆ.

“ತಿರುಗಿ ನೋಡ್ಬೇಡ. ಕರೀತಾನೆ.”

“ಕರೀದಿದ್ರೆ?”

“ಕರೀಲೇಬೇಕು. ಬೇರೆ ದಾರಿ ಇಲ್ಲ ಅವನಿಗೆ.”

ಎರಡೂ ಬೂಟಿನ ಲೇಸು ಮುಗಿದವು. ಕಾರಿನಲ್ಲಿ ಕೂತು, ಬೆಳಿಗ್ಗೆ ತಪಸ್ಸು ಮಾಡಿ ತಂದ ಪೆಟ್ರೋಲನ್ನು ಉರಿಸುತ್ತ ಇಪ್ಪತ್ತು ನಿಮಿಷ ಕಾದೆವು. ಕೊನೆಗೆ ಕಚೇರಿಯ ಬಾಗಿಲು ತೆರೆಯಿತು. ವಾಲ್ಟರ್ ಹೊರಗೆ ಬಂದ. “ಬಂದ! ನೀನು ಸುಮ್ಮನಿರು, ನಾನು ಮಾತಾಡ್ತೀನಿ” ಎಂದು ಕಿಟಕಿಯ ಗಾಜು ಇಳಿಸಿದೆ. ವಾಲ್ಟರ್ ಗೋಡೆಗೆ ಒರಗಿಸಿದ್ದ ಸಲಿಕೆ ತೆಗೆದುಕೊಂಡು ಮೆಟ್ಟಿಲ ಮೇಲಿನ ಹಿಮ ಎತ್ತಿಹಾಕಿದ. ಆಮೇಲೆ ನಮ್ಮನ್ನು ನೋಡಿ, ಬಹಳ ಸ್ನೇಹದಿಂದ ಕೈಬೀಸಿ, ಒಳಗೆ ಹೋಗಿ ಬಾಗಿಲು ಹಾಕಿಕೊಂಡ.

ಮಾರನೆಯ ದಿನ ಬೇಳೆ ಆರಿಸುತ್ತ ಶಾರದೆ, “ರೀ, ಅವನು ಕೇಳಿದ್ದನ್ನ ಕೊಟ್ಟು ತಂದ್ಬಿಡೋಣ. ಅಮ್ಮ ಬರೋದು ಒಂದೇ ಸಲ” ಎಂದಳು. ಆ ಮಾತಿಗೆ ಉತ್ತರವಿರಲಿಲ್ಲ. ಉತ್ತರವಿಲ್ಲದ ಮಾತಿಗೆ ಉತ್ತರ ಕೊಡುವುದೇ ನನ್ನ ವಿದ್ಯೆಯಾದ್ದರಿಂದ ಕೊಟ್ಟೆ. ಮತ್ತೆ ಹೋದೆ. ಮತ್ತೆ ಮತ್ತೆ ಹೋದೆ. ಪ್ರತಿಸಲವೂ ಅರ್ಧ ದಿನ ರಜೆ, ಪ್ರತಿಸಲವೂ ಹೊಸ ವಾದ, ಪ್ರತಿಸಲವೂ ವಾಲ್ಟರನ ಕಾಫಿ. ಮನೆಯಲ್ಲಿ ಕೂತರೆ ಗಾಡಿ ಮಾರಿಹೋಯಿತೇನೋ ಎಂದು ಚಡಪಡಿಕೆ. ಅಲ್ಲಿ ಹೋಗಿ ಅದು ನಿಂತಲ್ಲೇ ನಿಂತಿರುವುದನ್ನು ಕಂಡರೆ, ಇನ್ನೂ ಮಾರಿಹೋಗಿಲ್ಲ ಅಂದಮೇಲೆ ಇನ್ನಷ್ಟು ಇಳಿದೀತೇನೋ ಎಂದು ಇನ್ನೊಂದು ಚಡಪಡಿಕೆ. ಮಾರ್ಚಿನಲ್ಲಿ ಎಣ್ಣೆಯ ಮೇಲಿನ ಕಟ್ಟು ಬಿಟ್ಟಿತು. ಬಂಕಿನ ಸಾಲುಗಳು ಕರಗಿದವು. ಏಪ್ರಿಲ್‌ನಲ್ಲಿ ನಾನು ಹೋದಾಗ ಹಳದಿ ಪಟ್ಟೆಯ ಗಾಡಿಯ ಜಾಗದಲ್ಲಿ ಅದು ನಿಂತಿದ್ದಷ್ಟು ಉದ್ದಕ್ಕೆ ಹುಲ್ಲು ಬೆಳ್ಳಗೆ ಬಿಳಿಚಿಕೊಂಡಿತ್ತು.

“ಕ್ರ್ಯಾನ್‌ಬರಿಯ ಗಂಡಹೆಂಡತಿ. ಬಂದರು, ಹತ್ತಿ ನೋಡಿದರು, ತಗೊಂಡು ಹೋದರು. ಇಪ್ಪತ್ತು ನಿಮಿಷ” ಎಂದ ವಾಲ್ಟರ್. ಆಮೇಲೆ ನನ್ನ ಮುಖ ನೋಡಿ ಅವನಿಗೇ ಬೇಜಾರಾಗಿ, “ನಿಮ್ಮ ಜೊತೆ ಮಾತಾಡಿದ ಹಾಗೆ ಆಗಲಿಲ್ಲ ಬಿಡಿ” ಎಂದು ಸಮಾಧಾನ ಮಾಡಿದ.

ಮೇ ತಿಂಗಳಲ್ಲಿ ಅತ್ತೆ ಬಂದರು. ಒಂಬತ್ತು ಗಜದ ಸೀರೆಯ ಮೇಲೆ ಗಂಡಸರ ಸ್ವೆಟರ್, ಕಾಲಿಗೆ ಕ್ಯಾನ್ವಾಸ್ ಬೂಟು, ಕೈಯಲ್ಲಿ ಒಂದು ತಾಮ್ರದ ಚೊಂಬು. ವಿಮಾನದಲ್ಲಿ ಎರಡು ಬಾಳೆಹಣ್ಣು ಬಿಟ್ಟು ಏನನ್ನೂ ಮುಟ್ಟಿರಲಿಲ್ಲ. ನಮ್ಮ ಅಡುಗೆಮನೆಯನ್ನು ತೊಳೆದು, ಒಂದು ಒಲೆಯನ್ನು ತಮ್ಮದೆಂದು ಇಟ್ಟುಕೊಂಡು, ಮೂರನೆಯ ದಿನ ಕೇಳಿದರು: “ಅಳಿಯಂದ್ರೇ, ಮೊದಲು ಯಾವ ಸರೋವರಕ್ಕೆ ಹೋಗ್ತೀವಿ?”

ನಾನು ಹೇಳಿದ್ದೇನು ಗೊತ್ತೆ? ಈಗ ಮೇ ತಿಂಗಳು, ಗಾಡಿಗಳ ಬೆಲೆ ನೆತ್ತಿಗೇರಿದೆ, ಆಗಸ್ಟ್ ಮುಗಿಯುವ ಹೊತ್ತಿಗೆ ಇಳಿಯುತ್ತದೆ, ಸ್ವಲ್ಪ ಕಾದರೆ ಅನುಕೂಲ ಎಂದೆ. ಅತ್ತೆ “ಹಾಗೇ ಆಗಲಿ” ಎಂದರು. ಶಾರದೆ ಎದ್ದು ಒಳಗೆ ಹೋದಳು. ಜೂನ್ ಹೋಯಿತು. ಜುಲೈ ಹೋಯಿತು. ಅತ್ತೆ ದಿನಾ ಬೆಳಿಗ್ಗೆ ಬೀದಿಯ ತುದಿಯವರೆಗೆ ನಡೆದು ಬಂದು, ಪೆಟ್ರೋಲ್ ಬಂಕಿನಲ್ಲಿ ಪುಕ್ಕಟೆ ಕೊಟ್ಟ ನಕ್ಷೆಯನ್ನು ಊಟದ ಮೇಜಿನ ಮೇಲೆ ಹರಡಿಕೊಂಡು ಕೂರುತ್ತಿದ್ದರು. ನಾನು ಆ ಮೇಜಿನಲ್ಲಿ ಊಟ ಮಾಡುವುದನ್ನು ಬಿಟ್ಟು ಸಿಂಕಿನ ಪಕ್ಕ ನಿಂತೇ ತಿನ್ನತೊಡಗಿದೆ. ಒಂದು ದಿನ ಶಾರದೆ ಮೆಲ್ಲಗೆ, ಅಂದರೆ ತುಂಬಾ ಅಪಾಯದ ದನಿಯಲ್ಲಿ, “ನಾಳೆ ಅಮ್ಮನ್ನೂ ಕರ್ಕೊಂಡು ಹೋಗಿ ಒಂದು ಗಾಡಿ ತರ್ತೀವಿ. ನೀವು ಬಾಯಿ ಬಿಟ್ರೆ ನಾನು ಅಮ್ಮನ ಜೊತೇಲೇ ತಿಪಟೂರಿಗೆ ಹೋಗ್ತೀನಿ” ಎಂದಳು.

ನಾನು ಬಾಯಿ ಬಿಡಲಿಲ್ಲ. ವಾಲ್ಟರನಿಗೇ ಆತಂಕವಾಯಿತು. “ಪ್ರೊಫೆಸರಿಗೆ ಹುಷಾರಿಲ್ಲವಾ?” ಎಂದು ಶಾರದೆಯನ್ನು ಕೇಳಿದ. ಅಂಗಳದಲ್ಲಿ ಒಂದೇ ಒಂದು ಸುಮಾರಾದ ಗಾಡಿಯಿತ್ತು. ಅತ್ತೆ ಬೂಟು ಬಿಚ್ಚಿಟ್ಟು ಹತ್ತಿದರು. ಒಲೆ ನೋಡಿದರು, ನಲ್ಲಿ ತಿರುಗಿಸಿದರು, ಮಂಚ ಒತ್ತಿ ನೋಡಿದರು. ಆಮೇಲೆ ಒಲೆಯ ಪಕ್ಕದ ಸಣ್ಣ ಬಾಗಿಲನ್ನು ತೋರಿಸಿ, “ಇದು ಉಗ್ರಾಣವೇ?” ಎಂದರು. ವಾಲ್ಟರ್ ಹೆಮ್ಮೆಯಿಂದ ಬಾಗಿಲು ತೆರೆದ. ಕಕ್ಕಸು. ಒಲೆಗೂ ಅದಕ್ಕೂ ನಡುವೆ ಇದ್ದದ್ದು ಒಂದು ತೆಳು ಹಲಗೆ. ಕೂತವರು ಕೈ ಚಾಚಿದರೆ ಸಾರಿಗೆ ಉಪ್ಪು ಹಾಕಬಹುದಿತ್ತು.

ಈ ಹನ್ನೊಂದು ತಿಂಗಳಲ್ಲಿ ನಾನು ಚಾವಣಿ ನೋಡಿದ್ದೆ, ಟೈರು ನೋಡಿದ್ದೆ, ಎಂಜಿನ್ನಿನ ಕೆಳಗೆ ಮಲಗಿ ಎಣ್ಣೆ ತೊಟ್ಟಿಕ್ಕುತ್ತದೆಯೇ ನೋಡಿದ್ದೆ. ಮಡಿಗಾಗಿ ಕೊಳ್ಳುವ ಗಾಡಿಯಲ್ಲಿ ಕಕ್ಕಸು ಎಲ್ಲಿದೆ ಎಂದು ಮಾತ್ರ ನೋಡಿರಲಿಲ್ಲ. ಶಾರದೆಯ ಕಣ್ಣು ತುಂಬಿತ್ತು. ಅತ್ತೆ ಸೆರಗನ್ನು ಬಾಯಿಗೆ ಒತ್ತಿಕೊಂಡರು. ಅಳುತ್ತಿದ್ದಾರೆ ಎಂದುಕೊಂಡೆ. ನೋಡಿದರೆ ನಗು ತಡೆಯಲಾರದೆ ಮಂಚದ ಮೇಲೆ ಕೂತುಬಿಟ್ಟರು.

“ಇದಕ್ಕೇನೇ ಇಷ್ಟು ದಿನ ಕಾದದ್ದು? ಯಾಕ್ರಪ್ಪಾ, ನಿಮ್ಮ ಕಾರಿಗೆ ಏನಾಗಿದೆ?”

“ನಿನ್ನ ಮಡಿಗೆ ಅಂತ ಕಣಮ್ಮಾ” ಎಂದಳು ಶಾರದೆ.

“ನನ್ನ ಮಡಿಗೆ ಅಂತ ನನ್ನನ್ನ ಕೇಳಿದ್ರಾ? ಸ್ವಂತ ಊರಲ್ಲಿ ಪೂರ್ತಿ ಆಚಾರ, ಪರಊರಲ್ಲಿ ಅರ್ಧ, ಪಟ್ಟಣದಲ್ಲಿ ಕಾಲು, ದಾರೀಲಿ ಮಗೂ ಥರ ಇದ್ರೂ ದೋಷ ಇಲ್ಲ ಅಂತ ನಮ್ಮ ಹಿರೀಕರು ಹೇಳಿಲ್ವೇ? ಹೆಂಗಸರು ಅಷ್ಟು ದೂರ ಕಾಶಿಯಾತ್ರೆ ಮಾಡ್ತಿದ್ದದ್ದು ಹೇಗೆ ಅಂದ್ಕೊಂಡ್ರಿ? ಅಳಿಯಂದ್ರೇ, ನೀವು ಇಷ್ಟೆಲ್ಲಾ ಓದಿದೀರಿ, ಇದು ಗೊತ್ತಿಲ್ವೇ?”

ಗೊತ್ತಿರಲಿಲ್ಲ. ಖಂಡಿಸಲು ಬೇಕಾದಷ್ಟು ಮಾತ್ರ ಶಾಸ್ತ್ರ ಓದಿದ್ದೆ. ವಿನಾಯಿತಿಯ ಪುಟ ತೆರೆದಿರಲಿಲ್ಲ. ಅತ್ತೆಯ ಮಡಿಯನ್ನು ಅತ್ತೆಗಿಂತ ಹೆಚ್ಚು ನಂಬಿದ್ದವನು ಆ ಗಾಡಿಯಲ್ಲಿ ಒಬ್ಬನೇ ಇದ್ದ, ನಾಸ್ತಿಕ ಅಳಿಯ. ವಾಲ್ಟರನಿಗೆ ಶಾರದೆ ವಿಷಯ ವಿವರಿಸಿದಳು. ಅವನು ಟೋಪಿ ತೆಗೆದು ಅತ್ತೆಗೆ ಬಗ್ಗಿ, “ಅಮ್ಮಾವರು ಹೇಳುವುದು ಸರಿ. ಕಾರಿನಲ್ಲಿ ಹೋಗಿ, ಪೆಟ್ರೋಲೂ ಉಳಿಯುತ್ತದೆ” ಎಂದ. ಸ್ವಂತ ಮಾಲನ್ನು ಬೇಡವೆಂದು ಹೇಳುವ ವ್ಯಾಪಾರಿಯ ಜೊತೆ ತಿಂಗಳುಗಟ್ಟಲೆ ಚೌಕಾಸಿ ಮಾಡಿದ್ದೆ.

ಮುಂದಿನ ಶನಿವಾರವೇ ಹೊರಟೆವು. ಅಲ್ಲಿ ಒಂದು ಲೆಕ್ಕ ನನ್ನ ಕತ್ತು ಹಿಡಿಯಿತು. ನನಗೆ ವರ್ಷಕ್ಕೆ ಹತ್ತು ದಿನ ರಜೆ. ಅರ್ಧರ್ಧ ದಿನವಾಗಿ ಐದು ದಿನ ವಾಲ್ಟರನ ಕಾಫಿಗೆ ಅರ್ಪಣೆಯಾಗಿತ್ತು. ಉಳಿದದ್ದು ಐದು. ಶನಿವಾರ, ಭಾನುವಾರ ಸೇರಿಸಿ ಒಂಬತ್ತು ದಿನದಲ್ಲಿ ಐದು ಸರೋವರ ಮುಗಿಸಿ ಸೋಮವಾರ ಬೆಳಿಗ್ಗೆ ಪ್ಲಾಸ್ಟಿಕ್ ಎಳೆಯಲು ಬರಬೇಕು. ಅತ್ತೆಯ ಆಚಾರ ದಾರಿಯಲ್ಲಿ ಮಗುವಿನದಾಯಿತು ನಿಜ, ಆದರೆ ಸ್ನಾನ, ಸ್ತೋತ್ರ, ಕ್ಯಾಂಪ್ ಸ್ಟೌ ಮೇಲೆ ಒಂದು ಪಾತ್ರೆ ಅನ್ನ ಇವು ಮುಗಿಯದೆ ಹತ್ತು ಗಂಟೆಯವರೆಗೆ ಕಾರು ಕದಲುತ್ತಿರಲಿಲ್ಲ. ಮೋಟೆಲ್ ಮಂಚದ ಮೇಲೆ ತಮ್ಮ ಸೀರೆ ಹಾಸಿಕೊಂಡು ನಿಶ್ಚಿಂತೆಯಾಗಿ ಮಲಗಿದರು. ಮೂರನೆಯ ದಿನ ಐಸ್‌ಕ್ರೀಮ್ ತಿಂದರು. ನಾನು ಹುಬ್ಬೇರಿಸಿದ್ದಕ್ಕೆ, “ಮಗು ಇನ್ನೇನು ತಿನ್ನತ್ತೆ?” ಎಂದರು. ಒಂಟಾರಿಯೊದಲ್ಲಿ ಪಾದ ಅದ್ದಿ ಕಣ್ಣು ಮುಚ್ಚಿ ನಿಂತರು. ಈರಿಯಲ್ಲಿ ನೀರಿಗೆ ಬಗ್ಗಿ ನೋಡಿ, “ಆಳ ಕಡಿಮೆ ಅಂತ ಮಕ್ಕಳಿಗೆ ಹೇಳ್ತಿದ್ದೆ. ಹೌದು, ಕಡಿಮೆ” ಎಂದರು. ಶುಕ್ರವಾರ ಸಂಜೆ ಮಿಚಿಗನ್ ರಾಜ್ಯದ ದಕ್ಷಿಣ ಭಾಗದ ಉತ್ತರ ತುದಿ ಮುಟ್ಟಿದೆವು. ಅಲ್ಲಿ ಒಂದು ಮಹಾ ಸೇತುವೆ. ಬಲಕ್ಕೆ ಹ್ಯೂರಾನ್, ಎಡಕ್ಕೆ ಮಿಚಿಗನ್. ಅತ್ತೆ ಒಂದೇ ಗಂಟೆಯಲ್ಲಿ ಎರಡನ್ನೂ ಮುಗಿಸಿ, ಒದ್ದೆ ಕಾಲಿನಲ್ಲಿ ಸೇತುವೆಯ ಆ ಕಡೆ ನೋಡುತ್ತ ನಿಂತರು. ಸುಪೀರಿಯರ್ ಅಲ್ಲಿಂದ ಒಂದು ಗಂಟೆಯ ದಾರಿ.

ಶನಿವಾರ ಬೆಳಿಗ್ಗೆಯೇ ಹಿಂದಕ್ಕೆ ಹೊರಟರೆ ಸೋಮವಾರದ ಕೆಲಸಕ್ಕೆ ಸರಿಹೋಗುತ್ತಿತ್ತು. ಆ ಕಡೆ ಹೋದರೆ ಒಂದು ದಿನ ಹೆಚ್ಚು. “ಬಾಸ್‌ಗೆ ಫೋನ್ ಮಾಡಿ ಒಂದು ದಿನ ಕೇಳ್ರೀ” ಎಂದಳು ಶಾರದೆ. ನನಗೆ ಉತ್ಸಾಹ ಬಂತು. ಮೋಟೆಲ್ಲಿನ ಕಾಗದದ ಮೇಲೆ ಆರು ಅಂಶಗಳನ್ನು ಬರೆದುಕೊಂಡು, ಶನಿವಾರ ಬೆಳಿಗ್ಗೆ ಪೆಟ್ರೋಲ್ ಬಂಕಿನ ಫೋನ್ ಗೂಡಿಗೆ ನುಗ್ಗಿ, ಬಾಸ್ ಮಿಸ್ಟರ್ ಡೇಲ್ ಅವರ ಮನೆಗೆ ಫೋನ್ ಮಾಡಿದೆ. ಅವರು ಹುಲ್ಲು ಕತ್ತರಿಸುತ್ತಿದ್ದವರು ಒಳಗೆ ಬಂದು ಎತ್ತಿದರು. ಮೊದಲ ಅಂಶ, ಅತ್ತೆಯ ಮೂವತ್ತು ವರ್ಷದ ಆಸೆ. ಅದನ್ನು ಅರ್ಧ ಹೇಳುವಷ್ಟರಲ್ಲಿ, “ಓಹ್, ಖಂಡಿತ. ಮಂಗಳವಾರ ಬಾ. ಅಮ್ಮನಿಗೆ ನನ್ನ ನಮಸ್ಕಾರ ಹೇಳು” ಎಂದರು.

ಇಲ್ಲಿಗೆ ಫೋನ್ ಇಡಬೇಕಿತ್ತು. ಯಾರಾದರೂ ಇಡುತ್ತಿದ್ದರು. ಆದರೆ ಕೈಯಲ್ಲಿ ಇನ್ನೂ ಐದು ಅಂಶಗಳಿದ್ದವು, ಒಂದಕ್ಕಿಂತ ಒಂದು ಬಲವಾದವು. ಅವರು ಕರುಣೆಯಿಂದ ಒಪ್ಪಿದ್ದಾರೆ. ನ್ಯಾಯವಾಗಿ ಒಪ್ಪಬೇಕು ಅನ್ನಿಸಿತು. ಎರಡನೆಯದು ಹೇಳಿದೆ. “ಆಗಲಿ ಆಗಲಿ” ಎಂದರು. ಮೂರನೆಯದು ಹೇಳಿದೆ. ಸುಮ್ಮನಿದ್ದರು. ನಾಲ್ಕನೆಯದು ನನ್ನ ಬ್ರಹ್ಮಾಸ್ತ್ರ: ಹೇಗೂ ನಾನು ಮುಗಿಸಬೇಕಾಗಿರುವ ವರದಿಯನ್ನು ಬುಧವಾರದವರೆಗೆ ಯಾರೂ ತೆರೆದು ನೋಡುವುದಿಲ್ಲ.

“ಯಾವ ವರದಿ?” ಎಂದರು ಮಿಸ್ಟರ್ ಡೇಲ್. ಅವರ ದನಿಯಿಂದ ಹುಲ್ಲಿನ ವಾಸನೆ ಹೋಗಿತ್ತು. “ಅದು ಇನ್ನೂ ಮುಗಿದಿಲ್ಲವಾ?”

ನಾನು ಕಾರಿನ ಹತ್ತಿರ ಬಂದಾಗ ಶಾರದೆ ಡ್ರೈವರ್ ಸೀಟಿನ ಬಾಗಿಲಿಗೆ ಒರಗಿ ನಿಂತಿದ್ದಳು. “ಏನಂದ್ರು?”

“ಮೊದಲು ಒಪ್ಪಿದ್ರು.”

“ಆಮೇಲೆ?”

“ಆಮೇಲೆ ನಾನು ವಿವರಿಸಿದೆ.”

ಕೈ ಚಾಚಿ ಕೀಲಿ ತೆಗೆದುಕೊಂಡಳು. ಡ್ರೈವಿಂಗ್ ಪರೀಕ್ಷೆಯಲ್ಲಿ ಅವಳು ಮೊದಲ ಸಲಕ್ಕೇ ಪಾಸಾದವಳು. ನಾನು ಇನ್‌ಸ್ಪೆಕ್ಟರ್ ಜೊತೆ ವಾದಿಸಿ ಮೂರನೆಯ ಸಲ ಪಾಸಾದವನು. “ಅಮ್ಮಾ, ನೀನು ಮುಂದೆ ಕೂತ್ಕೋ. ರೀ, ಬಸ್ ಸ್ಟಾಂಡು ಆ ಚರ್ಚಿನ ಹಿಂದೆ ಇದೆ. ಹತ್ತೂವರೆಗೆ ಒಂದು ಬಸ್ಸಿದೆ, ನೀವು ಫೋನಲ್ಲಿ ಇದ್ದಾಗ ಕೇಳ್ಕೊಂಡು ಬಂದೆ.” ಅತ್ತೆ ಒಂದು ಡಬ್ಬಿ ಅವಲಕ್ಕಿಯನ್ನು ನನ್ನ ಕೈಗಿಟ್ಟರು. “ಬೇಜಾರು ಮಾಡ್ಕೋಬೇಡಿ ಅಳಿಯಂದ್ರೇ. ನಾನು ನಿಮ್ಮ ಪಾಲಿಂದೂ ಕಾಲು ಅದ್ದಿ ಬರ್ತೀನಿ.” ಕಾರು ಸೇತುವೆ ಏರಿ, ಸಣ್ಣದಾಗಿ, ಆ ಕಡೆಯ ಕಾಡಿನಲ್ಲಿ ಮರೆಯಾಯಿತು.

ನಾನು ಎರಡು ಕಡೆ ಬಸ್ಸು ಬದಲಿಸಿ, ಅವಲಕ್ಕಿ ತಿಂದು, ಮೊಣಕಾಲಿನ ಮೇಲೆ ವರದಿ ಬರೆದು, ಸೋಮವಾರ ಬೆಳಿಗ್ಗೆ ಎಂಟಕ್ಕೆ ಮಿಸ್ಟರ್ ಡೇಲ್ ಅವರ ಮೇಜಿನ ಮೇಲಿಟ್ಟೆ. ಸೋಮವಾರ ಅದನ್ನು ಯಾರೂ ಮುಟ್ಟಲಿಲ್ಲ. ಮಂಗಳವಾರ ಅದರ ಮೇಲೆ ಒಬ್ಬರು ಕಾಫಿ ಲೋಟ ಇಟ್ಟು ಹೋದರು. ಬುಧವಾರ ಮಧ್ಯಾಹ್ನ ಮಿಸ್ಟರ್ ಡೇಲ್ ತೆರೆದು ಓದಿದರು. ನನಗೆ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಸಂಜೆ ಓಡೋಡಿ ಮನೆಗೆ ಬಂದೆ. ಹಿಂದಿನ ರಾತ್ರಿ ಊರು ಸೇರಿದ್ದ ಇಬ್ಬರೂ ಊಟದ ಮೇಜಿನಲ್ಲಿ ಕೂತಿದ್ದರು. ಬಿಸಿಲಿಗೆ ಅತ್ತೆಯ ಮೂಗು ಕಂದಿತ್ತು. ಸುಪೀರಿಯರ್‌ನ ನೀರು ಎಷ್ಟು ತಣ್ಣಗೆಂದರೆ ಕಾಲಿನ ಬೆರಳು ಒಂದೊಂದಾಗಿ ಮರೆತುಹೋಗುತ್ತದೆ, ಆಚೆ ದಡವೇ ಇಲ್ಲ, ಮೂವತ್ತು ವರ್ಷ ಹಲಗೆಯ ಮೇಲೆ ಅದನ್ನು ಚಿಕ್ಕದಾಗಿ ಬರೆದು ತಪ್ಪು ಮಾಡಿದೆ ಎಂದು ಹೇಳುತ್ತಿದ್ದರು. ಅವರು ಉಸಿರು ತೆಗೆದುಕೊಳ್ಳುವ ತನಕ ಕಾದು, ವರದಿಯನ್ನು ಬುಧವಾರದವರೆಗೆ ಯಾರೂ ನೋಡಲಿಲ್ಲ, ನನ್ನ ನಾಲ್ಕನೆಯ ಅಂಶ ನೂರಕ್ಕೆ ನೂರು ಸರಿಯಾಗಿತ್ತು ಎಂದು ಘೋಷಿಸಿದೆ.

ತಾಯಿ ಮಗಳು ಮುಖ ಮುಖ ನೋಡಿಕೊಂಡು, ಒಂದೇ ದನಿಯಲ್ಲಿ “ಸರಿ” ಎಂದುಬಿಟ್ಟರು. ಅದನ್ನು ಒಪ್ಪಿಗೆ ಎಂದು ತೆಗೆದುಕೊಳ್ಳಬೇಕೋ ಬೇಡವೋ ಎಂಬ ಬಗ್ಗೆ ನನ್ನೊಳಗೆ ಎರಡು ಅಭಿಪ್ರಾಯಗಳಿವೆ.